ನಿಲ್ಲದ ತೋಳು

ಏಳು ವರ್ಷದಿಂದ ನಾನು ಹಂಗಾಮಿ ಜೀವಶಾಸ್ತ್ರ ಟೀಚರ್. ಕೆಲಸ ಕಾಯಂ ಆಗಬೇಕಾದರೆ ಆಯ್ಕೆ ಸಮಿತಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಸಿಕ್ಕಿದ ವಿಷಯ, ಜೀವಕೋಶ ಪ್ರೋಟೀನು ತಯಾರಿಸುವ ಬಗೆ.

ಉದಾಹರಣೆ ಮನೆಯಲ್ಲೇ ಇತ್ತು. ನಮ್ಮತ್ತೆಯ ಹೆಣಿಗೆ ಪುಸ್ತಕ ಅವರ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಡಿಎನ್ಎ ಕೋಶಕೇಂದ್ರ ಬಿಟ್ಟು ಬರದ ಹಾಗೆ. ಬೇಕಾದವರು ಅಲ್ಲೇ ಕೂತು ಚೀಟಿಗೆ ನಕಲು ಮಾಡಿಕೊಳ್ಳಬೇಕು. ಆ ಚೀಟಿಯೇ ಆರ್ಎನ್ಎ. ಪುಸ್ತಕದ ತುಂಬ ಬರೀ ಚುಕ್ಕೆ, ಗೆರೆ, ಸೊನ್ನೆ. ಮೂರು ಗುರುತಿಗೆ ಒಂದು ಸಾಲು ಹೆಣಿಗೆ. ಮೂರು ಸೊನ್ನೆ ಬಂದರೆ ನಿಲ್ಲಿಸಬೇಕು. ಹೆಣೆದು ಬಂದ ಸ್ವೆಟರಿನ ತೋಳು, ಪ್ರೋಟೀನು.

ನಕಲಿಗೆ ಗಂಡನನ್ನು ಕೂರಿಸಿದೆ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಮನುಷ್ಯ. ಮದುವೆ ಪತ್ರಿಕೆ ಓದುವಾಗಲೂ ಕೆಂಪು ಪೆನ್ನು ಹಿಡಿಯುತ್ತಾರೆ. ಆ ಮಹಾನುಭಾವರು ಎರಡನೇ ಸಾಲಿನಲ್ಲೇ ಒಂದು ಚುಕ್ಕೆ ನುಂಗಿಬಿಟ್ಟರು.

ನಾನು ಹೆಣೆದೆ. ಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮ್ ಯೋಚಿಸುವುದಿಲ್ಲ, ಚೀಟಿ ಹೇಳಿದ್ದನ್ನು ಮಾಡುತ್ತದೆ. ನಾನೂ ಹಟ ಹಿಡಿದು ಹಾಗೇ ಮಾಡಿದೆ. ಒಂದು ಗುರುತು ಹೋಗಿದ್ದಕ್ಕೆ ಮುಂದಿನ ಮೂರುಮೂರರ ಗುಂಪೆಲ್ಲ ಜರುಗಿ, ಮೂರು ಸೊನ್ನೆ ಒಂದೇ ಗುಂಪಿಗೆ ಬೀಳಲೇ ಇಲ್ಲ. ಚೀಟಿಯಲ್ಲಿ ಮುಂದೆ ಬರೆದಿದ್ದ ಬೆನ್ನು, ಕೊರಳುಪಟ್ಟಿಯ ಗುರುತುಗಳೆಲ್ಲ ತೋಳಿಗೇ ಸೇರಿದವು. ಹತ್ತನೇ ದಿನಕ್ಕೆ ತೋಳು ಅಡುಗೆಮನೆಯಿಂದ ಹೊರಟು ಬಚ್ಚಲು ತಲುಪಿತ್ತು.

"ಇದೇನಮ್ಮಾ, ಆನೆ ಸೊಂಡಿಲಿಗೆ ಹಾಕೋಕಾ?" ಅಂದರು ಅತ್ತೆ.

"ನಿಮ್ಮ ಮಗನ್ನ ಕೇಳಿ."

"ಒಂದೇ ಒಂದು ಚುಕ್ಕೆ ಕಣೇ," ಅಂದರು ಗಂಡ.

ನನಗೆ ಅಳುವೇ ಬಂತು. ಬೆಳಗಾದರೆ ಪಾಠ, ಬೇರೆ ಹೆಣೆಯಲು ಹೊತ್ತಿಲ್ಲ. ಅದನ್ನೇ ಚೀಲಕ್ಕೆ ತುರುಕಿಕೊಂಡು ಹೋದೆ.

ಪಾಠ ಸುಮಾರಾಗಿ ನಡೆಯಿತು. ಸಮಿತಿಯ ಹಿರಿಯರು ಆಕಳಿಸುತ್ತ ಕೇಳಿದರು, "ನಕಲಲ್ಲಿ ಒಂದಕ್ಷರ ಬಿಟ್ಟುಹೋದ್ರೆ ಏನ್ ಮಹಾ ಆಗುತ್ತೆ?"

ಚೀಲದಿಂದ ತೋಳಿನ ತುದಿ ತೆಗೆದು ಅವರ ಕೈಗೆ ಕೊಟ್ಟೆ. "ಎಳೀರಿ ಸರ್."

ಎಳೆದರು. ಎಳೆಯುತ್ತ ಹಿಂದೆ ಹಿಂದೆ ನಡೆದು ಬಾಗಿಲನ್ನೇ ದಾಟಿದರು. ಸ್ವಲ್ಪ ಹೊತ್ತಿಗೆ ಕಾರಿಡಾರಿನಿಂದ ದನಿ ಮಾತ್ರ ಬಂತು: "ಅರ್ಥ ಆಯ್ತಮ್ಮಾ."

ಕೆಲಸ ಕಾಯಂ ಆಯಿತು. ಎಲ್ಲ ತಮ್ಮ ಚುಕ್ಕೆಯ ಮಹಿಮೆ ಎಂದು ಗಂಡ ಇಂದಿಗೂ ಜಂಭ ಕೊಚ್ಚುತ್ತಾರೆ. ಅತ್ತೆ ಆ ತೋಳಿನ ಮಾದರಿಯನ್ನೂ ಪುಸ್ತಕಕ್ಕೆ ಸೇರಿಸಿದರು. ಬರೆಯುವಾಗ ಮಾತ್ರ ಮಗನನ್ನು ಕೋಣೆಯಿಂದ ಆಚೆ ಕಳಿಸಿ, ಚಿಲಕ ಹಾಕಿಕೊಂಡರು.