ಬಿಲ್ವದ ಬುಡದ ಪೈಪು

ಸಿದ್ಧಲಿಂಗ ಬಿಲ್ವದ ಟೊಂಗೆ ಬಗ್ಗಿಸಿ ಎಲೆಗೆ ಕೈ ಹಾಕಿದ್ದನಷ್ಟೆ, ಬಾಳವ್ವ ಬಂದು ಅವನ ಬುಟ್ಟಿ ಕಸಿದುಕೊಂಡಳು.

"ಕೈ ತಗಿ! ಒಂದ ಎಲಿ ಮುಟ್ಟಿದ್ರ ನೋಡ ಮತ್ತ!"

ಮೈದುನ ಗಾಬರಿಯಾದ. ಪಡಸಾಲೆಯಲ್ಲಿ ಅವನ ಅಣ್ಣ, ಬಾಳವ್ವನ ಗಂಡ ಬಸಗೊಂಡನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ. ಬಾಗಿಲ ಮುಂದೆ ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುವುದು ಮುಗಿಯುತ್ತ ಬಂದಿತ್ತು. ಕುಣಿಯಲ್ಲಿ ಕೂಡಿಸಿದ ಮೇಲೆ ಹಾಕಲು ಪತ್ರಿ ತರಬೇಕೆಂದು ಅಯ್ಯನವರು ಹೇಳಿ ಕಳಿಸಿದ್ದರು.

"ವೈನಿ, ಅಣ್ಣನ ಸಲುವಾಗೇ ಹರಿಯಾಕತ್ತೇನಿ."

"ಅಣ್ಣ! ಈಗ ನೆನಪಾತೇನು ಅಣ್ಣ?"

ಗಿಡದ ಅರ್ಧ ಎಲೆಗಳು ಒಣಗಿ, ಕೈ ತಾಗಿದರೆ ಉದುರುತ್ತಿದ್ದವು.

*

ಇಚಲಕರಂಜಿಯಲ್ಲಿ ನಳಕ್ಕೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೂ ಮಗ್ಗದ ಕೆಲಸ ಬಿಟ್ಟ ಮೇಲೆ ಬಸಗೊಂಡನಿಗೆ ಗಿಡದ ಹುಚ್ಚು ಹಿಡಿಯಿತು. ಅಕ್ಕಿ ತೊಳೆದ ನೀರನ್ನೂ ಚೆಲ್ಲಗೊಡುತ್ತಿರಲಿಲ್ಲ. ಅರಿವೆಯಲ್ಲಿ ಸೋಸಿ ಕಟ್ಟೆಯ ಮೇಲಿನ ಡ್ರಮ್ಮಿಗೆ ಸುರಿಯುತ್ತಿದ್ದ. ಅಲ್ಲಿಂದ ತನ್ನ ಮನೆಗೂ ತಮ್ಮನ ಮನೆಗೂ ನಡುವಿನ ಓಣಿ ದಾಟಿಸಿ ಬಿಲ್ವದ ಬುಡಕ್ಕೆ ಡ್ರಿಪ್ ಪೈಪು ಎಳೆದಿದ್ದ. ಹನಿ ಬೀಳುವ ತೂತು ಕಟ್ಟಿಕೊಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಗಿಗೆ ಸಿಕ್ಕಿಸಿದ ಪಿನ್ನಿನಿಂದ ಚುಚ್ಚಿ, ಬಾಯಿ ಹಚ್ಚಿ ಊದಿ ಕೆಸರು ಉಗುಳುತ್ತಿದ್ದ.

"ಹೇಂತಿಗಿಂತ ಇದರ ಜ್ವಾಕಿ ಭಾಳ ಆತು ನಿಮಗ," ಎಂದು ಬಾಳವ್ವ ಕಾಡುತ್ತಿದ್ದಳು.

"ನೀ ಬಾಯಿ ಬಿಟ್ಟ ಕೇಳ್ತಿ. ಗಿಡ ಕೇಳತೈತೇನು?"

ಸೋಮವಾರ ಇಡೀ ಗಲ್ಲಿ ಪತ್ರಿಗೆ ಬರುತ್ತಿತ್ತು. ಸಿದ್ಧಲಿಂಗನಂತೂ ಎಲ್ಲರಿಗಿಂತ ಮೊದಲು. ಆದರೆ ಅವನ ಗಾಡಿಗೆ ಆ ಪೈಪು ಅಡ್ಡ! ಅಣ್ಣನನ್ನು ಕೊಲ್ಹಾಪುರದ ದವಾಖಾನೆಗೆ ಸೇರಿಸಿದ್ದೇ ತಡ, ಅದನ್ನು ಕತ್ತರಿಸಿ ಮೂಲೆಗೆ ಒಗೆದ. ಆಮೇಲೆ ಮೋಸಂಬಿ ಹಿಡಿದು ನೋಡಲು ಬಂದ.

"ಗಿಡಕ್ಕ ನೀರ ಹೊಂಟಾವಲಾ?" ಎಂದು ಕೇಳಿದ್ದ ಬಸಗೊಂಡ.

"ಹೊಂಟಾವ ಅಣ್ಣಾ. ದಿನಾ ನಾನ ನೋಡ್ತೇನಿ."

ಬಸಗೊಂಡ ಸಮಾಧಾನದಿಂದ ಕಣ್ಣು ಮುಚ್ಚಿದ. ಪಕ್ಕದಲ್ಲೇ ಕುಳಿತ ಬಾಳವ್ವನೂ ನಂಬಿದ್ದಳು. ಇವತ್ತು ಬೆಳಿಗ್ಗೆ ಹೆಣದೊಂದಿಗೆ ಬಂದಾಗಲೇ ಆ ತುಂಡು ಪೈಪು ಅವಳ ಕಣ್ಣಿಗೆ ಬಿದ್ದದ್ದು.

*

ಗಡಹಿಂಗ್ಲಜದಿಂದ ಬಂದ ಅವಳ ತಮ್ಮ ಹಣಮಂತ ನಡುವೆ ಬಂದ. "ಅಕ್ಕಾ, ಹೊತ್ತ ಆಗಾಕತ್ತೈತಿ. ಪ್ಯಾಟ್ಯಾಗಿಂದ ಪತ್ರಿ ತರ್ತೇನಿ, ಬಿಡು."

"ಪ್ಯಾಟಿ ಪತ್ರಿ ಯಾಕ? ಅವರ ಬೆಳಸಿದ್ದ ಅವರಿಗೆ ಬೇಕು." ಬಾಳವ್ವ ಮೈದುನನ ಕಡೆ ತಿರುಗಿದಳು. "ಸಾಯೋ ಮನಶಾಗ ಸುಳ್ಳ ಹೇಳಿ ಬಂದೀಯಲಾ, ನಾಚಿಕಿ ಬರಲಿಲ್ಲೇನು? ಮೊದಲ ಅದನ್ನ ಖರೆ ಮಾಡು. ಆಮ್ಯಾಲ ಹೆಗಲ ಕೊಡು!"

ಬಾಳವ್ವ ಗೂಟಕ್ಕೆ ತೂಗುಹಾಕಿದ್ದ ಗಂಡನ ಹಳೆಯ ಅಂಗಿಯಿಂದ ಪಿನ್ನು ಬಿಚ್ಚಿ ತಂದು ಮೈದುನನ ಕೈಗಿಟ್ಟಳು.

ಸಿದ್ಧಲಿಂಗ ಬಿಳಿ ಧೋತರದಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಪೈಪು ಜೋಡಿಸಿದ. ತೂತು ಚುಚ್ಚಿದ, ಊದಿದ, ಕೆಮ್ಮಿದ, ಮತ್ತೆ ಊದಿದ. ತುಟಿಗೆಲ್ಲ ಕೆಸರು ಮೆತ್ತಿತು. ಡ್ರಮ್ಮಿನ ನಳ ತಿರುವಿದ ಮೇಲೂ ಬಾಳವ್ವ ಕದಲಲಿಲ್ಲ. ಗಿಡದ ಬುಡದಲ್ಲಿ ಮೊದಲ ಹನಿ ಬಿದ್ದಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ತಾನೇ ಹಸಿರೆಲೆ ಆರಿಸಿ ಬುಟ್ಟಿ ತುಂಬಿದಳು.

ವಿಮಾನ ಎದ್ದಿತು. ಮುಂದಿನ ಹೆಗಲು ಸಿದ್ಧಲಿಂಗನದು. ಓಣಿಯ ನಡುವೆ ಅವನು ಗಕ್ಕನೆ ನಿಂತ.

"ಕಾಲ ಎತ್ತಿ ಬರ್ರಿ," ಎಂದ ಹಿಂದಿನವರಿಗೆ, "ಪೈಪ ಐತಿ."

ಒಬ್ಬೊಬ್ಬರಾಗಿ ಕಾಲೆತ್ತಿ ದಾಟಿದರು. ವಿಮಾನದಲ್ಲಿ ಕುಳಿತ ಬಸಗೊಂಡ ತುಸು ವಾಲಿ, ನೆಟ್ಟಗಾಗಿ, ಪೈಪಿನ ಆಚೆಗೆ ಹೋದ.