ನೆರಳಿನ ತುದಿ

ನಮ್ಮ ಎಲ್ಡನ್ ಹೈಸ್ಕೂಲಿನಲ್ಲಿ ಒಂದು ನಿಯಮವಿತ್ತು. ಒಂದೇ ಒಂದು ವಿಷಯದಲ್ಲಿ ನಪಾಸಾದರೂ ಸಾಕು, ಆಟವಿಲ್ಲ, ಬ್ಯಾಂಡಿಲ್ಲ, ನಾಟಕವಿಲ್ಲ. ಐವತ್ತೇಳರ ವಸಂತದಲ್ಲಿ ಆ ನಿಯಮ ನನ್ನ ಕುತ್ತಿಗೆಗೇ ಬಂತು. ಶುಕ್ರವಾರ ಸಂಜೆ ನಮ್ಮ ತರಗತಿಯ ನಾಟಕ. ಎರಡನೇ ಅಂಕದಲ್ಲಿ ವಿಷ ಕುಡಿದು ಸಾಯುವ ಶ್ರೀಮಂತ ಸೋದರತ್ತೆಯ ಪಾತ್ರ ನನ್ನದು. ತಿಂಗಳಿಂದ ಸಾಯುವುದನ್ನು ಅಭ್ಯಾಸ ಮಾಡಿದ್ದೆ. ಅಡುಗೆಮನೆಯಲ್ಲಿ ಸತ್ತಿದ್ದೆ, ದನದ ಕೊಟ್ಟಿಗೆಯಲ್ಲಿ ಸತ್ತಿದ್ದೆ. ರೇಖಾಗಣಿತದಲ್ಲಿ ಮಾತ್ರ ಅಭ್ಯಾಸವಿಲ್ಲದೆಯೇ ಸಾಯುತ್ತಿದ್ದೆ.

ಆಸ್ಟ್‌ಲಂಡ್ ಮೇಷ್ಟ್ರು ನನ್ನನ್ನು ಕರೆದು, "ನೋಡು ವರ್ನಾ, ಕಣಜದ ಲೆಕ್ಕ ಸರಿಯಾಗಿ ಮಾಡಿದ್ರೆ ಪಾಸು. ಇಲ್ದಿದ್ರೆ ನಾಟಕ ಮರೆತುಬಿಡಮ್ಮ," ಎಂದಿದ್ದರು. ನಮ್ಮ ತರಗತಿಯ ಡಾರ್ಲೀನ್ ಎಂಬ ಮಹಾತಾಯಿ ಆಗಲೇ ನನ್ನ ಪಾತ್ರದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕೂತಿದ್ದಳು. ನಾನು ಕೆಮ್ಮಿದರೆ ಸಾಕು, ಆಸೆಯಿಂದ ನೋಡುತ್ತಿದ್ದಳು.

ಕಣಜದ ಲೆಕ್ಕ ಅಂದರೆ ಯಾರಿಗೂ ಹೆದರಿಕೆಯಿರಲಿಲ್ಲ. ರೈಲು ಹಳಿಯ ಪಕ್ಕದಲ್ಲಿ ಊರಿನ ಗೋಧಿಯನ್ನೆಲ್ಲ ನುಂಗಿಕೊಂಡು ನಿಂತ ಕಾಂಕ್ರೀಟಿನ ಕಣಜ ಅದು. ಪ್ರತಿ ಏಪ್ರಿಲ್‌ನಲ್ಲಿ ಮೇಷ್ಟ್ರು ಇಬ್ಬಿಬ್ಬರನ್ನು ಜೋಡಿ ಮಾಡಿ, ಗಜದ ಕೋಲು ಮತ್ತು ಟೇಪು ಕೊಟ್ಟು ಕಳಿಸುತ್ತಿದ್ದರು. ಕೋಲಿನ ನೆರಳು ಅಳೆ, ಕಣಜದ ನೆರಳು ಅಳೆ, ಕೋಲಿಗೆ ಅಷ್ಟಾದರೆ ಕಣಜ ಎಷ್ಟು ಎತ್ತರ ಎಂದು ಲೆಕ್ಕ ಹಾಕು. ಉತ್ತರ ನೂರ ಹದಿನೆಂಟು ಅಡಿ. ಊರಿನ ತೊಟ್ಟಿಲ ಮಗುವಿಗೂ ಗೊತ್ತು. ಕಣಜದ ಮೈಮೇಲೆಯೇ ಆಳೆತ್ತರದ ಅಕ್ಷರಗಳಲ್ಲಿ 'ಎಲ್ಡನ್, 118 ಅಡಿ' ಎಂದು ಬರೆದಿದೆ. ನನ್ನ ಅಣ್ಣ, ಅಕ್ಕ ಎಲ್ಲ ಅದೇ ಉತ್ತರ ಬರೆದು ಪಾಸಾದವರು.

ನನ್ನ ದುರದೃಷ್ಟಕ್ಕೆ ಜೋಡಿಯಾಗಿ ಸಿಕ್ಕಿದವಳು ಓಪಲ್ ರೆನ್‌ಫ್ರೋ. ಅವಳ ಅಪ್ಪ ಎಣ್ಣೆ ಕೊಳವೆ ಬೆಸೆಯುವವನು. ಕೊಳವೆ ಹೋದ ಕಡೆಗೆ ಸಂಸಾರವೂ ಹೋಗುತ್ತಿತ್ತು, ಆ ಜನವರಿಯಲ್ಲಷ್ಟೇ ನಮ್ಮ ಶಾಲೆಗೆ ಬಂದಿದ್ದಳು. ಮಾತು ಕಡಿಮೆ, ಹಟ ಜಾಸ್ತಿ. ಸೋಮವಾರ ಮಧ್ಯಾಹ್ನ ಇಬ್ಬರೂ ಅಳೆದೆವು. ಓಪಲ್ ಪೆನ್ಸಿಲು ಕಚ್ಚುತ್ತಾ ಲೆಕ್ಕ ಹಾಕಿ, "ನೂರ ಹದಿನೈದು," ಎಂದಳು.

"ನೂರ ಹದಿನೆಂಟು ಅಂತ ಬರಿಯೇ. ತಲೆ ಎತ್ತಿ ನೋಡು, ಅಲ್ಲೇ ಬರ್ದಿದೆ."

"ಮತ್ತೆ ಅಳಿಯೋದ್ಯಾಕೆ?"

"ಮೇಷ್ಟ್ರು ಹೇಳಿದ್ರು ಅಂತ!"

"ಮೇಷ್ಟ್ರು ಅಳೀರಿ ಅಂದ್ರು. ಓದ್ಕೊಂಡು ಬನ್ನಿ ಅನ್ಲಿಲ್ಲ," ಎಂದು ಟೇಪು ಸುತ್ತಿದಳು.

ಮಂಗಳವಾರ ಮತ್ತೆ ಅಳೆದೆವು. ಮತ್ತೆ ನೂರ ಹದಿನೈದೇ. ನನಗೆ ತಲೆ ಚಿಟ್ಟು ಹಿಡಿಯಿತು.

ಬುಧವಾರ ಪ್ರತಿ ಜೋಡಿಯೂ ಬೋರ್ಡಿನ ಮೇಲೆ ಉತ್ತರ ಬರೆಯಬೇಕಿತ್ತು. ನೂರ ಹದಿನೆಂಟು, ನೂರ ಹದಿನೆಂಟು, ನೂರ ಹದಿನೇಳೂವರೆ. ಈ ಅರ್ಧ ಅಡಿ ಬಿಟ್ಟವನು ಮಾರ್ವಿನ್, ನಂಬಿಕೆ ಬರಲಿ ಅಂತ ಬೇಕಂತಲೇ ಬಿಟ್ಟಿದ್ದ. ಓಪಲ್ ಎದ್ದು ಹೋಗಿ 115 ಎಂದು ದುಂಡಗೆ ಬರೆದಳು. ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನಾವು ಸರಿಯಾಗೇ ಅಳೆದಿದೀವಿ ಸರ್," ಎಂದಳು ಓಪಲ್. "ನೆಲದಲ್ಲೇ ಏನೋ ತಪ್ಪಿರ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದ ಮಾರ್ವಿನ್. ಮತ್ತೆ ನಗು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಅವರ ಮಟ್ಟಿಗೆ ತಪ್ಪು ಅಂದರೆ ತಪ್ಪೇ. "ನಾಳೆ ಬೆಳಿಗ್ಗೆ ತನಕ ಟೈಮ್ ಕೊಡ್ತೀನಿ. ಇಬ್ರೂ ಬೇರೆ ಬೇರೆಯಾಗಿ ಬರ್ಕೊಂಡು ಬಂದ್ರೂ ಅಡ್ಡಿಯಿಲ್ಲ. ಆದ್ರೆ ಇದೇ ಉತ್ತರ ತಂದ್ರೆ ನಪಾಸು." ಅವರು ನೋಡಿದ್ದು ನನ್ನನ್ನು. ಡಾರ್ಲೀನ್ ಕೂಡ ನೋಡಿದ್ದು ನನ್ನನ್ನೇ.

ಬೇರೆ ಬೇರೆಯಾಗಿ. ಅಂದರೆ ನಾನೊಬ್ಬಳೇ 118 ಎಂದು ಬರೆದುಕೊಟ್ಟು ಶುಕ್ರವಾರ ಸುಖವಾಗಿ ಸಾಯಬಹುದು. ಶಾಲೆ ಬಿಟ್ಟ ಮೇಲೆ ಕೋಲು, ಟೇಪು ಹಿಡಿದು ಕಣಜಕ್ಕೆ ಹೋದೆ. ನೂರ ಹದಿನೆಂಟು ಬರಬೇಕಾದರೆ ನೆರಳು ಎಲ್ಲಿಯವರೆಗೆ ಇರಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿ, ಆ ಜಾಗ ಹುಡುಕಿದೆ. ಆಗೊಂದು ವಿಚಿತ್ರ ಕಂಡಿತು. ಅಷ್ಟೆತ್ತರದ ಕಟ್ಟಡದ ನೆರಳಿಗೆ ತುದಿ ಎಂಬುದು ನೆಟ್ಟಗೆ ಇರುವುದೇ ಇಲ್ಲ. ಕಪ್ಪು ನಿಧಾನವಾಗಿ ಬೂದಿ ಬಣ್ಣಕ್ಕೆ ತಿರುಗಿ, ಬೂದಿ ಬಣ್ಣ ಬಿಸಿಲಾಗುತ್ತದೆ. ಬೂದಿ ಬಣ್ಣದ ಆಚೆ ಅಂಚಿನಲ್ಲಿ ನಿಂತು, ಕೋಲನ್ನು ತುಸು ವಾರೆ ಹಿಡಿದರೆ ನೂರ ಹದಿನೆಂಟು ಸಲೀಸಾಗಿ ಬರುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸುತ್ತಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ಕಸಿವಿಸಿಯೂ ಆಯಿತು.

ಬಾಯಾರಿತ್ತು. ಕಣಜದ ಆಫೀಸಿಗೆ ಹೋಗಿ ಅಲ್ಲಿದ್ದ ಸೋಡಾ ಪೆಟ್ಟಿಗೆಗೆ ನಾಣ್ಯ ಹಾಕಿ ಒಂದು ಬಾಟಲಿ ತೆಗೆದುಕೊಂಡೆ. ಬಾಟಲಿ ಬಾಯಿಗಿಟ್ಟು ಬಾಗಿಲ ಕಡೆ ನೋಡುತ್ತಿದ್ದಂತೆ ಒಂದು ಯೋಚನೆ ಬಂತು. ನಾನು ಚಿಕ್ಕವಳಿದ್ದಾಗ ಅಪ್ಪ ಗೋಧಿ ತಂದಾಗಲೆಲ್ಲ ಈ ಬಾಗಿಲಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದೆವು. ಕಾಲು ಎಟುಕದೆ ಅಪ್ಪ ತೋಳು ಹಿಡಿದು ಎತ್ತುತ್ತಿದ್ದರು. ಈಗ ಅಂಗಳದಿಂದ ನೆಟ್ಟಗೆ ನಡೆದು ಬಂದಿದ್ದೆ. ಮೆಟ್ಟಿಲು ಎಲ್ಲಿ ಹೋದವು?

ಒಳಗೆ ಮ್ಯಾನೇಜರ್ ಯೋಡರ್ ಪೇಪರು ಓದುತ್ತಿದ್ದರು. ಕೇಳಿದೆ.

"ಅದಾ? ಐವತ್ತೊಂದರಲ್ಲಿ ನದಿ ಉಕ್ಕಿ ಬಂತಲ್ಲಮ್ಮ, ನಿಮ್ಮ ಕೊಟ್ಟಿಗೇನೂ ತೇಲಿಹೋಯ್ತಲ್ಲ. ಇನ್ನೊಂದ್ಸಲ ನೀರು ಒಳಗೆ ಬರ್ಬಾರ್ದು ಅಂತ ರೈಲಿನೋರು ಅಂಗಳಕ್ಕೆಲ್ಲ ಕಲ್ಲು ಮಣ್ಣು ಸುರಿದು ಎತ್ತರ ಮಾಡಿದ್ರು. ಮೆಟ್ಟಿಲು ಕೆಳಗೇ ಇದಾವೆ, ಹೂತುಹೋಗಿವೆ."

"ಎಷ್ಟು ಎತ್ತರ ಮಾಡಿದ್ರು?"

"ಮೂರಡಿ ಇರ್ಬೇಕು. ಯಾಕೆ, ಅಗಿಯೋಕೆ ಬಂದಿದೀಯಾ?"

ಸೋಡಾ ಮೂಗಿಗೇರಿತು. ಬಾಟಲಿ ಅಲ್ಲೇ ಬಿಟ್ಟು ಚಕ್ರಗಳ ಮೇಲೆ ನಿಂತ ಓಪಲ್‌ಳ ಟ್ರೇಲರ್ ಮನೆಯವರೆಗೂ ಓಡಿದೆ.

ಗುರುವಾರ ಬೆಳಿಗ್ಗೆ ಇಬ್ಬರೂ ಸೇರಿ ಒಂದೇ ಹಾಳೆ ಕೊಟ್ಟೆವು. ಉತ್ತರ ನೂರ ಹದಿನೈದು. ಕೆಳಗೆ ಮೂರಡಿ ಮಣ್ಣಿನಲ್ಲಿ ಹೂತುಹೋದ ಮೆಟ್ಟಿಲುಗಳ ಚಿತ್ರ ನಾನೇ ಬರೆದಿದ್ದೆ. ಯೋಡರ್ ಸಾಹೇಬರು ಅಂದಾಜಿನ ಮೇಲೆ ಹೇಳಿದ್ದರೆ ನನ್ನ ಸೋದರತ್ತೆ ಡಾರ್ಲೀನ್‌ಳ ಪಾಲಾಗುತ್ತಿದ್ದಳು. ಮೇಷ್ಟ್ರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೋಟು ಹಾಕಿಕೊಂಡು, "ಎಲ್ಲರೂ ಏಳಿ," ಎಂದರು.

ಯೋಡರ್ ಕಣಜದ ನೆತ್ತಿಯಿಂದ ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟರು. ಗುಂಡು ನೆಲ ಮುಟ್ಟಿದಾಗ ಮಾರ್ವಿನ್ ಕೂಗಿದ, ಮೇಲೆ ಗುರುತು ಹಾಕಿದರು. ದಾರವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, ಮೇಷ್ಟ್ರೇ ಮಂಡಿಯೂರಿ ಟೇಪು ಹಿಡಿದು ಅಳೆದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ.

"ನೂರ ಹದಿನೈದು," ಎಂದರು.

ನಾನು ಕಿರುಚಿದೆ. ನಾಟಕದಲ್ಲಿ ಸಾಯುವಾಗಲೂ ಅಷ್ಟು ಚೆನ್ನಾಗಿ ಕಿರುಚಿದವಳಲ್ಲ. ಓಪಲ್ ಮಾತ್ರ ಏನೂ ಆಗಿಯೇ ಇಲ್ಲವೇನೋ ಎಂಬಂತೆ ನಿಂತಿದ್ದಳು. ಆದರೆ ಅವಳ ಕಿವಿ ಕೆಂಪಗಾಗಿತ್ತು.

ಮಾರ್ವಿನ್ ಮೆಲ್ಲಗೆ, "ಹಂಗಾದ್ರೆ ನಾವೆಲ್ಲ ನಪಾಸಾ ಸರ್?" ಎಂದ.

ಮೇಷ್ಟ್ರು ಮಂಡಿಯ ಮಣ್ಣು ಕೊಡವಿಕೊಂಡರು. "ಪ್ರವಾಹ ಬಂದು ಹೋದ್ಮೇಲೂ ಪ್ರತಿ ವರ್ಷ ನೂರ ಹದಿನೆಂಟೇ ಬಂತು. ಎಲ್ಲರಿಗೂ. ಒಬ್ಬರೂ ಅಳೆದಿಲ್ಲ ಹಂಗಾದ್ರೆ." ಟೇಪು ಸುತ್ತತೊಡಗಿದರು. "ಆದ್ರೆ ನಾನು ಅಳೆದಿದ್ದೆ. ನಿಮ್ಮನ್ನ ಕಳಿಸೋಕೆ ಮುಂಚೆ ಪ್ರತಿ ಸಲಾನೂ ಅಳೀತಿದ್ದೆ. ನಂಗೂ ನೂರ ಹದಿನೆಂಟೇ ಬರ್ತಿತ್ತು."

"ಹೇಗೆ ಸರ್?" ಎಂದಳು ಓಪಲ್. ಕುಹಕವಿರಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಮೇಷ್ಟ್ರಿಗೂ ತಿಳಿಯಬೇಕಿತ್ತು ಅಂತ ಕಾಣುತ್ತದೆ. ನೆರಳಿನ ಉದ್ದಕ್ಕೂ ನಡೆದು ಹೋಗಿ ಅದರ ತುದಿಯಲ್ಲಿ ನಿಂತರು. ಕಾಲು ತುಸು ಮುಂದಿಟ್ಟರು, ಮತ್ತೂ ತುಸು. ಬೂದಿ ಬಣ್ಣದ ಆಚೆ ಅಂಚಿನಲ್ಲಿ, ಹಿಂದಿನ ದಿನ ನಾನು ನಿಂತ ಹಾಗೆಯೇ ನಿಂತು, "ಇಲ್ಲಿ," ಎಂದರು. "ಯಾವಾಗ್ಲೂ ಇಲ್ಲೇ ನಿಲ್ತಿದ್ದೆ. ಇದೇ ಸರಿ ಅನ್ನಿಸ್ತಿತ್ತು."

ಯಾರೂ ನಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಪ್ರಮಾಣಿಸಿ ನೋಡುವ ಕಣ್ಣನ್ನು ಯಾರು ಪ್ರಮಾಣಿಸಬೇಕು? ನನಗೆ ಅವರ ಮೇಲೆ ಇದ್ದಕ್ಕಿದ್ದಂತೆ ಬಹಳ ಪ್ರೀತಿ ಬಂತು.

"ಇವರಿಬ್ರು ಪಾಸು," ಎಂದರು ಮೇಷ್ಟ್ರು. ಡಾರ್ಲೀನ್ ನೆಲ ನೋಡಿದಳು. "ಉಳಿದೋರೆಲ್ಲ ನಾಳೆ ಮತ್ತೆ ಅಳೀಬೇಕು. ನಾನೂ ನಿಮ್ಮ ಜೊತೆಗೇ."

"ಕಣಜಾನಾ ಸರ್?"

"ಬೇಡ. ಈಗ ನೂರ ಹದಿನೈದು ಅಂತ ಗೊತ್ತಾಯ್ತಲ್ಲ. ಇನ್ನು ಯಾರು ಅಳೆದ್ರೂ ಅಷ್ಟೇ ಬರುತ್ತೆ." ಅವರು ಸುತ್ತಲೂ ಕಣ್ಣಾಡಿಸಿದರು. ನೀರಿನ ಟ್ಯಾಂಕಿನ ಎತ್ತರ ಎಲ್ಲರಿಗೂ ಗೊತ್ತಿತ್ತು, ಚರ್ಚಿನ ಗೋಪುರದ್ದೂ ಗೊತ್ತಿತ್ತು. ಕೊನೆಗೆ ಶಾಲೆಯ ಹಿಂದಿನ ಹಳೆಯ ಮರ ತೋರಿಸಿ, "ಅದು ಎಷ್ಟೆತ್ತರ ಯಾರಿಗಾದ್ರೂ ಗೊತ್ತಾ?" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಟೇಪನ್ನು ಓಪಲ್ ಕೈಗೆ ಕೊಟ್ಟು, ಆ ಮರವನ್ನು ಅವತ್ತೇ ಮೊದಲ ಸಲ ಕಂಡವರ ಹಾಗೆ ತಲೆಯೆತ್ತಿ ನೋಡುತ್ತ ನಿಂತರು.