ಮೂರು ಊರಿನ ಒಣಕಸ, ನನ್ನ ಒಂದು ಮೂಗು

ಕೊರೊನಾದ ಎರಡನೇ ಅಲೆ ಸಿಂಧನೂರಿಗೆ ಬಂದು ಹೋಗುವಾಗ ನನ್ನ ವಾಸನೆ ಹಿಡಿಯುವ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಉಳಿದವರಿಗೆ ತಿಂಗಳೊಪ್ಪತ್ತಿನಲ್ಲಿ ಅದು ತಿರುಗಿ ಬಂತು, ನನಗೆ ಬರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ನನ್ನ ಹೆಂಡತಿ ಕನಕಮ್ಮನಿಗೆ ಮಾತ್ರ. ಹಳಸಿದ ಸಾರನ್ನು ನಾನು "ಇವತ್ತ ಭಾಳ ಚಲೋ ಆಗೈತಿ" ಎಂದು ಎರಡು ಸಲ ಹಾಕಿಸಿಕೊಂಡು ಉಂಡ ದಿನ ಆಕೆಗೆ ಗೊತ್ತಾಗಿತ್ತು. ಹೊರಗೆ ಯಾರ ಮುಂದೆಯೂ ಹೇಳಬೇಡ ಎಂದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಯಮನೂರಪ್ಪ ಮಾಸ್ತರಿಗೆ ಒಂದು ಇಂದ್ರಿಯ ಕೈಕೊಟ್ಟಿದೆ ಎಂದು ಊರು ಮಾತಾಡುವುದು ನನಗೆ ಬೇಕಿರಲಿಲ್ಲ. ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಉಳಿದಿದ್ದೇ ಅಷ್ಟು ಮರ್ಯಾದೆ.

ಇಂಥ ಮನುಷ್ಯ ಮೂರು ಊರಿನ ಕಸದ ಉಸ್ತುವಾರಿಗೆ ನಿಂತದ್ದು ಹೇಗೆ ಎಂದು ಹೇಳುತ್ತೇನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಕಡೆ ಒಣಕಸ ಆರಿಸುವ ಹೆಣ್ಣುಮಕ್ಕಳ ಸಂಘಗಳಿವೆ. ಪ್ಲಾಸ್ಟಿಕ್ ಕರಗಿಸಿ ಹೊಸ ಸಾಮಾನು ಮಾಡುವ ಒಂದು ಫ್ಯಾಕ್ಟರಿ ದೂರದಲ್ಲಿದೆ. ಅವರು ಪೂರ್ತಿ ಒಂದು ಲಾರಿ ತುಂಬಿದ್ದರೆ ಮಾತ್ರ ಮಾಲು ತೆಗೆದುಕೊಳ್ಳುತ್ತಾರೆ, ಅದೂ ಬಿಗಿಯಾಗಿ ಒತ್ತಿದ ಪೆಂಡಿಗಳಾಗಿ. ಒಂದೇ ಊರಿನಲ್ಲಿ ಲಾರಿ ತುಂಬುವಷ್ಟು ಕೂಡಿಸಬೇಕಾದರೆ ಅರ್ಧ ವರ್ಷ ಬೇಕು. ಅಷ್ಟರಲ್ಲಿ ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಹಾಗಾಗಿ ಮೂರೂ ಊರಿನವರು ಕೂಡಿ ಒಂದೇ ಕಡೆ ಪೆಂಡಿ ಕಟ್ಟಬೇಕು ಎಂಬ ಮಾತು ಬಂತು. ಒಂದು ಟ್ರಸ್ಟಿನವರು ಪ್ರೆಸ್ ಮಷೀನು ಕೊಡಲು ಒಪ್ಪಿದರು. ಅರ್ಜಿ ಬರೆಯಲು ಓದಿದವರೊಬ್ಬರು ಬೇಕು ಎಂದು ನನ್ನನ್ನು ಕರೆದರು. ಅರ್ಜಿ ಬರೆದುಕೊಟ್ಟು ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಸಂಚಾಲಕನಾಗಿ ಅಲ್ಲೇ ಕುಳಿತುಬಿಟ್ಟೆ.

ಮೊದಲ ಕೆಲಸ ಎಂದು ಒಕ್ಕೂಟಕ್ಕೆ ಹೆಸರಿಟ್ಟೆ: "ಸಿಂಧನೂರು–ಮಸ್ಕಿ–ಲಿಂಗಸುಗೂರು ಪ್ರಾದೇಶಿಕ ಸುಸ್ಥಿರ ಸಾಮಗ್ರಿ ನಿರ್ವಹಣಾ ಸಮನ್ವಯ ಒಕ್ಕೂಟ." ಬೋರ್ಡು ಬರೆಯುವವನು ಹಲಗೆ ಸಾಲುವುದಿಲ್ಲ ಎಂದ. ಲಿಂಗಸುಗೂರು ಸಂಘದ ಮುಖ್ಯಸ್ಥೆ ಗದ್ದೆಮ್ಮ, "ನಮ್ಮೂರ ಹೆಸರು ಕಡಿಗ್ಯಾಕ ಹಾಕೀರಿ?" ಎಂದು ಕೇಳಿದಳು. ಅಕ್ಷರಮಾಲೆಯ ಕ್ರಮ ಎಂದೆ. ಆಕೆ ಏಳನೇ ಇಯತ್ತೆ ಓದಿದವಳು, ಮನಸ್ಸಿನಲ್ಲೇ ಅಕ್ಷರಮಾಲೆ ಹೇಳಿಕೊಂಡು, "ಮ ಆದ ಮ್ಯಾಲ ಯ ರ ಲ ಬರತಾವ, ಸ ಕಡಿಗಿ ಬರತೈತಲ್ರೀ?" ಎಂದಳು. ನಾನು ನೀರು ಕುಡಿದೆ.

ಎರಡನೆಯದು, ಮಷೀನು ಎಲ್ಲಿಡಬೇಕು ಎಂಬ ಪ್ರಶ್ನೆ. ಮೊದಲ ದಿನವೇ ಲಾರಿಯ ಜುಲ್ಫಿಕರ್ ಹೇಳಿದ್ದ: "ಮಾಸ್ತರ್, ಮಸ್ಕಿ ನಡಕ್ಕ ಐತಿ. ಅಲ್ಲೇ ಇಡ್ರಿ." ಸಿಂಧನೂರಿನ ಜುಲ್ಫಿಕರ್ ಇಪ್ಪತ್ತು ವರ್ಷದಿಂದ ಈ ರಸ್ತೆಯ ಮೇಲೆ ಭತ್ತ ಸಾಗಿಸಿದವನು. ಆದರೆ ಹಾಗೆ ಬಾಯಿಮಾತಿನ ಮೇಲೆ ತೀರ್ಮಾನ ಮಾಡುವುದು ವೈಜ್ಞಾನಿಕವಲ್ಲ ಎಂದು ನಾನು ಮೂರು ತಿಂಗಳು ಅಧ್ಯಯನ ಮಾಡಿದೆ. ನಕ್ಷೆ ಬರೆದೆ, ಎರಡು ಬಣ್ಣ ತುಂಬಿದೆ, ಕೊನೆಗೆ ಮಸ್ಕಿ ನಡುವೆ ಇದೆ ಎಂದು ಕಂಡುಹಿಡಿದೆ. ಮಸ್ಕಿಯ ಹೊರಗಿನ ಒಂದು ಹಳೇ ಹತ್ತಿ ಜಿನ್ನಿಂಗ್ ಶೆಡ್ಡಿನಲ್ಲಿ ಮಷೀನು ಕೂತಿತು.

ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವಳು ಮಸ್ಕಿಯ ಮಕ್ತುಂಬೀ. ಐವತ್ತೈದು ದಾಟಿದ ಹೆಣ್ಣುಮಗಳು, ಹುಟ್ಟಿದಾಗಿನಿಂದ ಗುಜರಿ ಮಾಲಿನ ನಡುವೆಯೇ ಬೆಳೆದವಳು. ಪ್ಲಾಸ್ಟಿಕ್ ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಹಿಚುಕಿ, ಸಪ್ಪಳದಿಂದಲೇ ಇದು ಇಂಥ ಜಾತಿ ಎಂದು ಬೇರೆ ಮಾಡುತ್ತಿದ್ದಳು. ನಾನು ಎರಡು ದಿನದ ತರಬೇತಿಯಲ್ಲಿ ಕಲಿತು ಬಂದ ಏಳು ಜಾತಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಆಕೆಗೆ ಪಾಠ ಮಾಡಿದೆ. ಆಕೆ ಪೂರ್ತಿ ಕೇಳಿ, "ಚಲೋ ಐತ್ರಿ ಸರ್" ಎಂದು ತನ್ನ ಕೆಲಸಕ್ಕೆ ಹೋದಳು.

ಫ್ಯಾಕ್ಟರಿಯವರು ಒಂದು ಪತ್ರ ಕಳಿಸಿದ್ದರು. ಮಾಲಿನಲ್ಲಿ ಕ್ರಿಮಿನಾಶಕದ ಡಬ್ಬಿ ಇರಬಾರದು, ರಾಸಾಯನಿಕ ವಾಸನೆ ಬರಬಾರದು ಎಂದು ಅದರಲ್ಲಿತ್ತು. ಅನುಮಾನ ಬಂದ ಮಾಲನ್ನು ಪರೀಕ್ಷೆ ಮಾಡುವವರು ಯಾರು ಎಂದು ಸಭೆಯಲ್ಲಿ ಮಾತು ಬಂದಾಗ ಗದ್ದೆಮ್ಮನೇ ಹೇಳಿದಳು: "ಸರ್ ಸಾಲಿ ಕಲಿಸ್ದೋರು. ಯಾವ ವಾಸನಿ ಯಾತರದು ಅಂತ ಅವರಿಗೆ ಗೊತ್ತಿರತೈತಿ. ಅವರಾ ಮೂಸಿ ಹೇಳಲಿ."

ಮೂರೂ ಊರಿನ ಮೂವತ್ತು ಹೆಣ್ಣುಮಕ್ಕಳು ನನ್ನ ಕಡೆ ನೋಡಿದರು. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, "ಆಗಲಿ, ಜವಾಬ್ದಾರಿ ನನ್ನದು" ಎಂದೆ.

ಮೊದಲ ಲಾರಿ ಹೊರಡುವ ವಾರ ದಢೇಸುಗೂರು ಕಡೆಯಿಂದ ಡಬ್ಬಿಗಳ ಚೀಲಗಳು ಬಂದವು. ಕಾಲುವೆ ಸೀಮೆ, ಭತ್ತಕ್ಕೆ ಎಣ್ಣೆ ಹೊಡೆಯುವ ಕಾಲ. ಹೊಲಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಚೀಟಿ ಕಿತ್ತ ಬಿಳಿ ಡಬ್ಬಿಗಳು, ನೋಡಲು ಶಾಂಪೂ ಡಬ್ಬಿಯಂತೆಯೇ ಇದ್ದವು. ಮಕ್ತುಂಬೀ ನಾಲ್ಕು ಚೀಲ ಬೇರೆ ಇಟ್ಟು ನನ್ನನ್ನು ಕರೆದಳು.

"ಸರ್, ಇವು ವಾಸನಿ ಹೊಡ್ಯಾಕತ್ತಾವ. ಎಣ್ಣಿ ಡಬ್ಬಿ ಅನಸ್ತೈತಿ ನನಗ."

ನಾನು ಒಂದು ಡಬ್ಬಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದೆ. ನನಗೆ ಡಬ್ಬಿಯೂ ಒಂದೇ, ಮಲ್ಲಿಗೆಯೂ ಒಂದೇ. ಸುತ್ತ ಎಲ್ಲರೂ ಕಾಯುತ್ತಿದ್ದರು. ಇನ್ನೊಂದು ಸಲ ಎಳೆದೆ. ಆಮೇಲೆ, ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಉತ್ತರ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದೆ: "ಫಿನಾಯಿಲ್. ಹಾಕ್ರಿ."

"ಫಿನಾಯಿಲ್ ಆದ್ರ ಫಿನಾಯಿಲ್ ವಾಸನಿನೇ ಬರಬೇಕಲ್ರೀ ಸರ್?"

"ಮಕ್ತುಂಬೀ, ನಾನು ಮೂವತ್ತನಾಲ್ಕು ವರ್ಷ ಕೆಮಿಸ್ಟ್ರಿ ಹೇಳೀನಿ."

ಆಕೆ ಚೀಲಗಳನ್ನು ಮಷೀನಿನ ಕಡೆ ಸರಿಸಿದಳು. ಡಬ್ಬಿಗಳು ಪ್ರೆಸ್ಸಿಗೆ ಬಿದ್ದವು. ಆ ದಿನ ಮಷೀನಿನ ಹತ್ತಿರ ನಿಂತವಳು ಗದ್ದೆಮ್ಮ. ಒತ್ತುವಾಗ ಯಾವುದೋ ಡಬ್ಬಿಯ ತಳದಲ್ಲಿ ಉಳಿದಿದ್ದ ನೀರಿನಂಥದ್ದು ಚಿಮ್ಮಿ ಆಕೆಯ ಬಲಗೈ ಮೇಲೆ ಬಿತ್ತು. ಸೀರೆಗೆ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಮಧ್ಯಾಹ್ನ ತಲೆ ತಿರುಗಿ, ವಾಂತಿ ಮಾಡಿಕೊಂಡು ಗೋಡೆಗೆ ಆತು ಕೂತಳು. ನಾನು ಬಿಸಿಲಿನ ಝಳ ಎಂದೆ. ನಿಂಬೆಹಣ್ಣಿನ ಪಾನಕ ತರಿಸಿ, ನನ್ನ ಕಾಳಜಿಯನ್ನು ನಾನೇ ಮೆಚ್ಚಿಕೊಂಡೆ. ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋದವಳು ಮಕ್ತುಂಬೀ.

ಎರಡು ದಿನದ ಮೇಲೆ ಲಾರಿ ಹೊರಟಿತು. ನಾನು ಶೆಡ್ಡಿನ ಮುಂದೆ ಶಾಮಿಯಾನ ಹಾಕಿಸಿದ್ದೆ. ನಲವತ್ತು ನಿಮಿಷ ಭಾಷಣ ಮಾಡಿದೆ. ಜುಲ್ಫಿಕರ್ ಎರಡು ಸಲ ಹಾರ್ನ್ ಹೊಡೆದ, ಅದನ್ನು ನಾನು ಚಪ್ಪಾಳೆ ಎಂದುಕೊಂಡೆ. ಹಸಿರು ಬಾವುಟ ಬೀಸಿದ ನನ್ನ ಫೋಟೋ ಮರುದಿನ ಪೇಪರಿನಲ್ಲಿ ಬಂತು.

ಅದರ ಮರುದಿನ ಲಾರಿಯೂ ವಾಪಸ್ ಬಂತು, ತುಂಬಿಕೊಂಡು ಹೋದ ಮಾಲಿನ ಸಮೇತ.

ಜುಲ್ಫಿಕರ್ ಇಳಿದು ನನ್ನ ಮುಂದೆ ನಿಂತ. "ಪೆಂಡಿ ಬಿಚ್ಚಿದ ಕೂಡಲೇ ಗೇಟಿನ್ಯಾಗ ಕುಂತ ವಾಚ್‌ಮನ್ನಿಗೆ ವಾಸನಿ ಬಂತ್ರಿ ಮಾಸ್ತರ್. ಅಂವಾ ಮೂಗು ಮುಚ್ಕೊಂಡು ಓಡಿದ. ಎಣ್ಣಿ ಡಬ್ಬಿ ಕೂಡ್ಯಾವ, ಪೂರಾ ಲಾರಿ ಬ್ಯಾಡ ಅಂದ್ರು. ನಿಮಗ ಹೆಂಗ ತಿಳೀಲಿಲ್ಲ?"

"ಅವರ ಪರೀಕ್ಷಾ ವಿಧಾನ ಸರಿ ಇಲ್ಲ" ಎಂದೆ. ಮನೆಗೆ ಬಂದು ಫ್ಯಾಕ್ಟರಿಗೆ ನಾಲ್ಕು ಪುಟದ ಪ್ರತಿಭಟನಾ ಪತ್ರ ಬರೆದೆ. ಗಾಳಿಯ ತೇವಾಂಶ, ಉಷ್ಣಾಂಶ, ಮನುಷ್ಯನ ಮೂಗಿನ ಮಿತಿಗಳು, ಎಲ್ಲ ಅದರಲ್ಲಿದ್ದವು. ಕನಕಮ್ಮನಿಗೆ ಓದಿ ಹೇಳಿದೆ. ಆಕೆ ಹೆಸರುಕಾಳು ಹಸನು ಮಾಡುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಆ ಲಿಂಗಸುಗೂರಿನಾಕಿ ಈಗ ಹೆಂಗದಾಳ?"

"ಯಾರು?"

"ಅದಾ, ವಾಂತಿ ಮಾಡ್ಕೊಂಡಾಕಿ. ಹೋಗಿ ನೋಡಿ ಬಂದೀರಿ?"

ನಾನು ಹೋಗಿರಲಿಲ್ಲ. ಹೋಗಬೇಕು ಎಂದೂ ಹೊಳೆದಿರಲಿಲ್ಲ. ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೋದೆ.

ಗದ್ದೆಮ್ಮ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದಳು. ಬಲಗೈಯ ಬೆರಳುಗಳ ಚರ್ಮ ಸುಲಿದು ಕೆಂಪಾಗಿತ್ತು. ಡಾಕ್ಟರು ಮುಲಾಮು ಕೊಟ್ಟು, ಹದಿನೈದು ದಿನ ಕೆಲಸಕ್ಕೆ ಹೋಗಬೇಡ ಎಂದಿದ್ದರಂತೆ. ಆ ಕೈ ನೋಡಿದ ಮೇಲೆ ಜೇಬಿನಲ್ಲಿದ್ದ ನಾಲ್ಕು ಪುಟದಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಆಕೆಯ ಮುಂದೆ ನಿಂತೇ ಹೇಳಿದೆ: ನನಗೆ ನಾಲ್ಕು ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ, ಆ ದಿನ ಮೂಸಿದ್ದು ನಾಟಕ ಎಂದು.

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ.

"ನಾ ನಿಮ್ಮ ಹೆಸರು ಹೇಳೀನ್ರೀ ಆ ಸಭಾದಾಗ. ನಾನಾ ಹೇಳೀನಿ, ಸರ್ ನೋಡಲಿ ಅಂತ." ಚಹಾದ ಕಪ್ಪನ್ನು ಕೆಳಗಿಟ್ಟಳು. "ಇದನ್ನ ನನ್ನೊಬ್ಬಾಕಿಗೆ ಹೇಳಿ ಕೈ ತೊಳಕೋಬ್ಯಾಡ್ರಿ. ಮೂರೂ ಊರಿನವರು ಕೂಡಿದಾಗ ಹೇಳ್ರಿ."

ಶುಕ್ರವಾರ ಸಭೆ ಸೇರಿತು. ವಾಪಸ್ ಬಂದ ಪೆಂಡಿಗಳು ಶೆಡ್ಡಿನ ಹೊರಗೆ ಬಿದ್ದಿದ್ದವು. ನಾನು ಪೀಠಿಕೆಯಿಂದ ಶುರು ಮಾಡಿದೆ. ಜಗತ್ತಿನಲ್ಲಿ ಕೊರೊನಾ ಎಂಬ ಮಹಾಮಾರಿ ಬಂದಾಗ, ಎಂದು ಎರಡು ವಾಕ್ಯ ಹೇಳುವಷ್ಟರಲ್ಲಿ ಮಕ್ತುಂಬೀ, "ಸರ್, ಏನಾತು ಅದಷ್ಟು ಹೇಳ್ರಿ" ಎಂದಳು. ಹೇಳಿದೆ. ಹಿಂದೆ ಕೂತ ಯಾರೋ ಒಬ್ಬಳು ಕಿಸಕ್ಕೆಂದು ನಕ್ಕಳು, ಅದು ಸಾಲಿನಿಂದ ಸಾಲಿಗೆ ಹಬ್ಬಿ ಶೆಡ್ಡೇ ನಕ್ಕಿತು. ಕಸದ ಮುಖ್ಯಸ್ಥನಿಗೆ ಮೂಗೇ ಇಲ್ಲ ಎಂದರೆ ಯಾರಾದರೂ ನಗಬೇಕಾದದ್ದೇ. ಗದ್ದೆಮ್ಮ ಮಾತ್ರ ನೆಲ ನೋಡುತ್ತ ಕೂತಿದ್ದಳು.

ನಗು ನಿಂತ ಮೇಲೆ ಮಕ್ತುಂಬೀ ಹೇಳಿದಳು: "ಮೊದಲೇ ಅಂದಿದ್ರ ಏನಾಗ್ತಿತ್ರೀ ಸರ್? ನನಗ ಓದಾಕ ಬರಂಗಿಲ್ಲ. ಫ್ಯಾಕ್ಟರಿ ಚೀಟಿ ಬಂದ್ರ ನಿಮಗ ಕೊಟ್ಟು ಓದಿಸ್ಕೊಂತೀನಿ. ನನಗ ಬರಲಾರದ್ದು ನಿಮಗ ಬರತೈತಿ ಅಂತ. ಹಂಗಾ ನೀವೂ ಡಬ್ಬಿ ನನ್ನ ಕೈಯಾಗ ಕೊಟ್ಟು, ನೀ ಮೂಸವಾ ಅಂದಿದ್ರ ಆಗ್ತಿತ್ತಲ್ರೀ."

ನನ್ನ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಸಣ್ಣ, ಇಷ್ಟು ಸರಿಯಾದ ಪಾಠವನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಸಂಚಾಲಕ ಸ್ಥಾನ ಬಿಡುತ್ತೇನೆ ಎಂದೆ. ಬೇಡ ಎಂದು ಯಾರಾದರೂ ಒತ್ತಾಯ ಮಾಡುತ್ತಾರೇನೋ ಎಂದು ಸ್ವಲ್ಪ ಕಾದೆ. ಯಾರೂ ಮಾಡಲಿಲ್ಲ. ಮಕ್ತುಂಬೀಯನ್ನು ಆರಿಸಿದರು.

ಪೆಂಡಿ ಬಿಚ್ಚಿ ಎಲ್ಲವನ್ನೂ ಮತ್ತೆ ಆರಿಸಲು ಹನ್ನೊಂದು ದಿನ ಹಿಡಿಯಿತು. ದಪ್ಪ ಕೈಗವಸು, ಮುಖಕ್ಕೆ ಮಾಸ್ಕು ಇಲ್ಲದೆ ಯಾರೂ ಮುಟ್ಟಬಾರದು ಎಂದು ಮಕ್ತುಂಬೀ ಕಟ್ಟಪ್ಪಣೆ ಮಾಡಿದಳು. ಮೂರೂ ಊರಿನವರು ಪಾಳಿ ಮೇಲೆ ಬಂದರು. ನಾನೂ ನೆಲದ ಮೇಲೆ ಕೂತೆ. ಏಳು ಜಾತಿಗಳನ್ನು ಬಾಯಿಪಾಠ ಹೇಳಬಲ್ಲ ನಾನು ಮೊದಲ ದಿನ ಮೂರನ್ನು ತಪ್ಪು ರಾಶಿಗೆ ಎಸೆದೆ. ಲಿಂಗಸುಗೂರಿನ ಹೆಣ್ಣುಮಕ್ಕಳು ಸದ್ದಿಲ್ಲದೆ ಅವನ್ನು ತೆಗೆದು ಸರಿಯಾದ ರಾಶಿಗೆ ಹಾಕುತ್ತಿದ್ದರು.

ಎಣ್ಣೆ ಡಬ್ಬಿ ಮತ್ತೆ ಬರದಂತೆ ಮಾಡುವ ಕೆಲಸ ನನಗೂ ಜುಲ್ಫಿಕರ್‌ಗೂ ಬಂತು. ದಢೇಸುಗೂರಿಗೆ ಹೋದೆವು. ರೈತರನ್ನು ಬೈಯುವ ತಯಾರಿಯಲ್ಲೇ ಹೋಗಿದ್ದೆ. ಭತ್ತದ ಬದುವಿನ ಮೇಲೆ ಸಿಕ್ಕ ರಾಮಣ್ಣ ಎಂಬ ರೈತ, "ಬದುವಿಗೆ ಒಗದ್ರ ಮಳಿಗೆ ತೇಲಿ ಕಾಲವಿಗೆ ಬೀಳತಾವ. ಸುಟ್ರ ಹೊಗಿ ಕೆಟ್ಟದ್ದು. ನೀವು ಡಬ್ಬಿ ತಗೊಂತೀರಿ ಅಂದ್ರು, ಚೀಟಿ ಕಿತ್ತು ತೊಳದು ಕೊಟ್ವಿ. ತಪ್ಪೇನ್ರೀ?" ಎಂದ. ತಪ್ಪೇನೂ ಇರಲಿಲ್ಲ. ಹೀಗೆ ಹೀಗೆ ಬೇರೆ ಇಡಿ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಆಮೇಲೆ ಔಷಧ ಅಂಗಡಿಗಳಿಗೆ ಅಲೆದೆವು. ಡಬ್ಬಿಯನ್ನು ಹೊಲದಲ್ಲೇ ಮೂರು ಸಲ ತೊಳೆದು ಆ ನೀರನ್ನು ಎಣ್ಣೆ ಹೊಡೆಯುವ ಪಂಪಿಗೇ ಹಾಕುವುದು, ಡಬ್ಬಿಯನ್ನು ಕೊಂಡ ಅಂಗಡಿಯ ಡ್ರಮ್ಮಿಗೆ ತಂದು ಹಾಕುವುದು, ಅಲ್ಲಿಂದ ಅಂಥ ವಿಷದ ಮಾಲನ್ನೇ ವಿಲೇವಾರಿ ಮಾಡುವವರು ಒಯ್ಯುವುದು ಎಂದು ಮಾತಾಯಿತು. ಮೂರೂ ತಾಲೂಕಿನ ಅಂಗಡಿಯವರನ್ನು ಒಂದೇ ಮಾತಿಗೆ ತರಲು ಎರಡು ತಿಂಗಳು ಬೇಕಾಯಿತು. ನಾನು ಹೋದ ಕಡೆ ಒಪ್ಪದವರು ಮಕ್ತುಂಬೀ ಹೋದ ಕಡೆ ಒಪ್ಪಿದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎರಡನೇ ಲಾರಿ ಒಂದು ಮಂಗಳವಾರ ಬೆಳಿಗ್ಗೆ ಹೊರಟಿತು. ಅದು ಯಾವಾಗ ಹೋಯಿತೆಂದು ನನಗೆ ಗೊತ್ತೇ ಆಗಲಿಲ್ಲ, ಯಾರೂ ಭಾಷಣ ಮಾಡಿರಲಿಲ್ಲ. ಮರುದಿನ ಜುಲ್ಫಿಕರ್ ಫೋನು ಮಾಡಿ, "ಪೂರಾ ಇಳಸ್ಕೊಂಡ್ರು. ಇಂಥಾ ಮಾಲು ಇನ್ನೂ ಇದ್ರ ತರ್ರಿ ಅಂದಾರ" ಎಂದ.

ಈಗ ಹಳ್ಳಿಗಳೂ ಸೇರುತ್ತಿವೆ. ಹೋದ ತಿಂಗಳು ಗದ್ದೆಮ್ಮನ ಫೋನು ಬಂತು. ಆ ಸಭೆಯಾದ ಮೇಲೆ ಆಕೆ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. "ಸಂತೆಕಲ್ಲೂರಿನವರು ಕರದಾರ. ಅರ್ಜಿ ಬರಿಯೋದೈತಿ, ಬರ್ರಿ. ಮಾತು ನಾ ಆಡತೀನಿ." ಹೋದೆ. ಆಕೆ ಹತ್ತು ನಿಮಿಷ ಮಾತಾಡಿದಳು, ತನ್ನ ಬಲಗೈ ಎತ್ತಿ ಬೆರಳು ತೋರಿಸಿ ಯಾಕೆ ಬೇರೆ ಮಾಡಬೇಕು ಎಂದು ಹೇಳಿದಳು, ಊರವರು ಒಪ್ಪಿದರು. ನಾನು ಅರ್ಧ ಪುಟದ ಅರ್ಜಿ ಬರೆದೆ.

ಮಸ್ಕಿಗೆ ಬರುವ ಬಸ್ಸು ತುಂಬಿಕೊಂಡಿತ್ತು. ಆಕೆಗೆ ಸೀಟು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತೆ. ಎರಡು ತಿರುವು ದಾಟಿದ ಮೇಲೆ ಗದ್ದೆಮ್ಮ ತಲೆಯೆತ್ತಿ ನೋಡಿದಳು. ಜೋಲಿ ಹೊಡೆಯುವ ನನ್ನನ್ನು ನೋಡಿಯೋ ಏನೋ, ಕಿಟಕಿಯ ಕಡೆ ಸರಿದು ಅರ್ಧ ಸೀಟು ಬಿಟ್ಟಳು.

"ಕುಂದ್ರಿ" ಎಂದಳು. ಕುಳಿತೆ.